ಅಮ್ಮ ಮೊಸರು ಬಿಟ್ಟದ್ದು

ವೈದ್ಯರು "ಈಗ ಏನೂ ಇಲ್ಲ, ಆರು ತಿಂಗಳು ಬಿಟ್ಟು ಬನ್ನಿ" ಎಂದಾಗ ಅಮ್ಮ ಕೈಮುಗಿದಳು. ನಾನು ರಿಪೋರ್ಟು ಕೇಳಿ ಪಡೆದು ಓದತೊಡಗಿದೆ. ಬೆಳ್ತಂಗಡಿಯ ಕಚೇರಿಯೊಂದರಲ್ಲಿ ಜಮೀನಿನ ದಾಖಲೆಗಳನ್ನು ತಾಳೆ ನೋಡುವುದು ನನ್ನ ಕೆಲಸ. ಕಾಗದ ಹೇಳಿದ್ದನ್ನು ಹಾಗೆಯೇ ನಂಬುವ ಅಭ್ಯಾಸ ಎಂದೋ ಹೋಗಿದೆ. ರಿಪೋರ್ಟಿನಲ್ಲಿ ಅಮ್ಮನ ವಯಸ್ಸು ಎರಡು ವರ್ಷ ಕಡಿಮೆ ಇತ್ತು. ಬೇರೆ ಯಾರದ್ದೋ ಕಾಗದ ನಮ್ಮ ಕೈಗೆ ಬಂದಿದೆ ಎಂದುಕೊಂಡೆ. ಕೌಂಟರಿನಲ್ಲಿ ಜಗಳಕ್ಕೇ ನಿಂತೆ. ಅಮ್ಮ ಹಿಂದಿನಿಂದ ನನ್ನ ಸೆರಗು ಜಗ್ಗಿ, "ವಯಸ್ಸು ನಾನೇ ಹಾಗೆ ಹೇಳಿದ್ದು ಮಾರಾಯ್ತಿ, ಸುಮ್ಮನೆ ಬಾ" ಎಂದಳು.

ನಂಬದಿರಲು ಇನ್ನೊಂದು ಕಾರಣವೂ ಇತ್ತು. ಸ್ತನದ ಕ್ಯಾನ್ಸರ್ ಎಂದು ಮೊದಲು ಗೊತ್ತಾದಾಗ ಅಮ್ಮನಿಗೆ ಸುಳ್ಳು ಹೇಳಿದವಳು ನಾನೇ. ಸಣ್ಣ ಗಂಟು, ತೆಗೆದರೆ ಮುಗಿಯಿತು ಎಂದಿದ್ದೆ. ಆಪರೇಷನ್ನಿಗೆ ಒಂದು ಕಥೆ, ಕಿಮೋಗೆ ಒಂದು ಕಥೆ, ಉದುರಿದ ಕೂದಲಿಗೆ ಮತ್ತೊಂದು. ಅಮ್ಮ ಎಲ್ಲದಕ್ಕೂ ತಲೆಯಾಡಿಸಿದ್ದಳು. ನಾನು ಅಷ್ಟು ಸಲೀಸಾಗಿ ಸುಳ್ಳು ಹೇಳಬಹುದಾದರೆ ನನ್ನನ್ನು ಹೆತ್ತವಳು ಹೇಳಲಾರಳೇ?

ಮೂಡುಬಿದಿರೆಯ ಮನೆಗೆ ಮರಳಿದ ಎರಡನೇ ತಿಂಗಳಿಗೆ ಅಮ್ಮ ಸಿಹಿ ಬಿಟ್ಟಳು. "ಬೇಡ ಅಂತ ಕಂಡಿತು" ಎಂದಳು, ಅಷ್ಟೇ. ಆಮೇಲೆ ತುಪ್ಪ ಹೋಯಿತು. ಒಂದು ದಿನ ಫ್ರಿಜ್ಜಿನಲ್ಲಿ ಮೊಸರು ಹಾಗೆಯೇ ಉಳಿದಿತ್ತು, ಮರುದಿನವೂ ಉಳಿದಿತ್ತು.

ನಾವು ಜೈನರು. ನಮ್ಮಲ್ಲಿ ಒಂದೊಂದೇ ತಿನಿಸನ್ನು ಬಿಡುವುದಕ್ಕೆ ಅರ್ಥ ಉಂಟು. ಬಂಟ್ವಾಳದ ಅಜ್ಜಿ, ಅಮ್ಮನ ತಾಯಿ, ಹೀಗೆಯೇ ಬಿಡುತ್ತಾ ಹೋದವಳು. ಮೊದಲು ಸಿಹಿ, ಆಮೇಲೆ ತುಪ್ಪ, ಮೊಸರು, ಉಪ್ಪು. ಕೊನೆಗೆ ಅನ್ನ. ಆಮೇಲೆ ಬರೀ ನೀರು. ಊರಿನವರು ಬಂದು ಚಾಪೆಯ ಪಕ್ಕ ಕೈಮುಗಿದು ಕೂರುತ್ತಿದ್ದರು. ಎಷ್ಟು ಶಾಂತವಾಗಿ ಹೋದಳು ಎಂದು ಎಲ್ಲರೂ ಹೇಳಿದರು. ಹತ್ತು ವರ್ಷದ ನನಗೆ ಮಾತ್ರ ಆಕೆಯ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಅಮ್ಮನೂ ಅದೇ ದಾರಿ ಹಿಡಿದಿದ್ದಾಳೆ, ರೋಗ ಮರಳಿದೆ, ಅದು ನನಗೊಬ್ಬಳಿಗೆ ಗೊತ್ತಿಲ್ಲ ಎಂದು ತೀರ್ಮಾನಿಸಿಬಿಟ್ಟೆ.

ಪತ್ತೆ ಮಾಡೋಣವೆಂದರೆ ಅಮ್ಮ ಕೈಗೆ ಸಿಗುವವಳಲ್ಲ. ಸೂರ್ಯ ಮುಳುಗುವ ಮೊದಲೇ ಅವಳ ಊಟ ಮುಗಿಯುತ್ತದೆ. ವೇಣೂರಿನ ಮೇಲೆ ಬರುವ ಬಸ್ಸು ನನ್ನನ್ನು ಇಳಿಸುವಷ್ಟರಲ್ಲಿ ಅವಳ ತಟ್ಟೆ ತೊಳೆದು ಕವುಚಿರುತ್ತಿತ್ತು. ಅನ್ನದ ಪಾತ್ರೆಯಲ್ಲಿ ಎಷ್ಟು ಕಡಿಮೆಯಾಗಿದೆ ಎಂದು ಸೌಟಿನಲ್ಲಿ ಅಳೆದೆ. ಅವಳ ರವಿಕೆ ಸಡಿಲವಾಗಿದೆಯೇ ಎಂದು ಬಟ್ಟೆ ಒಣಹಾಕುವ ನೆಪದಲ್ಲಿ ನೋಡಿದೆ. ಬಸದಿಗೂ ಹೋಗಿ, ಪೂಜೆ ಮಾಡುವ ಇಂದ್ರರ ಹತ್ತಿರ ಅಮ್ಮ ಏನು ನಿಯಮ ತೆಗೆದುಕೊಂಡಿದ್ದಾಳೆ ಎಂದು ಕೇಳಿದೆ. ಅವರು ನಕ್ಕು, "ಅದನ್ನು ಅಮ್ಮನ ಹತ್ರವೇ ಕೇಳಿ ಅಕ್ಕಾ" ಎಂದರು. ಆ ನಗುವೂ ನನಗೆ ಸರಿ ಕಾಣಲಿಲ್ಲ.

ಕಡೆಗೊಂದು ದಿನ ಕಚೇರಿಯಿಂದ ಬೇಗ ಹೊರಟು, ಹೇಳದೆ ಕೇಳದೆ ಐದು ಗಂಟೆಗೇ ಮನೆಗೆ ಬಂದೆ. ಅಮ್ಮ ಅಡುಗೆಮನೆಯಲ್ಲಿ ಕೂತು ಗಂಜಿ ಉಣ್ಣುತ್ತಿದ್ದಳು. ಪಕ್ಕದಲ್ಲಿ ಹೆಸರುಕಾಳಿನ ಪಲ್ಯ ಇತ್ತು, ಮೊಸರಿರಲಿಲ್ಲ.

"ಅಮ್ಮಾ, ರೋಗ ವಾಪಸು ಬಂದಿದೆಯಾ? ಅಜ್ಜಿಯ ಹಾಗೆ ಮಾಡ್ಲಿಕ್ಕೆ ಹೊರಟಿದ್ದೀಯಾ?"

ಅಮ್ಮ ಬಾಯಲ್ಲಿದ್ದ ತುತ್ತು ನುಂಗಿದಳು. "ಅಜ್ಜಿ ಬಿಟ್ಟದ್ದು ಜೀವ ಇರುವವರೆಗೆ. ನಾನು ಬಿಟ್ಟದ್ದು ಐದು ವರ್ಷಕ್ಕೆ. ಡಾಕ್ಟ್ರು ಐದು ವರ್ಷ ಚೆಕಪ್ಪಿಗೆ ಬರ್ಲಿಕ್ಕೆ ಹೇಳಿದ್ದಾರಲ್ಲ, ಅಲ್ಲಿವರೆಗೆ. ಮತ್ತೆ ತುಪ್ಪ ಹಾಕಿ ಹೋಳಿಗೆ ತಿನ್ಲಿಕ್ಕುಂಟು ನನಗೆ. ನಡುವೆ ಸತ್ತರೆ ನಿಯಮ ಅರ್ಧಕ್ಕೆ ಬಿಟ್ಟ ಹಾಗೆ ಆಗುವುದಿಲ್ವಾ? ಅರ್ಧಕ್ಕೆ ಬಿಡುವವಳಾ ನಾನು?"

ಗಡುವಿಟ್ಟು ಬಿಡುವುದೇ ಬೇರೆ, ಪೂರ್ತಿ ಬಿಡುವುದೇ ಬೇರೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಎಲ್ಲರ ದಾಖಲೆಯಲ್ಲೂ ತಾರೀಕು ಹುಡುಕುವ ನಾನು ಅಮ್ಮನ ಹತ್ತಿರ ಎಷ್ಟು ದಿನಕ್ಕೆ ಎಂದು ಮಾತ್ರ ಕೇಳಿರಲಿಲ್ಲ.

"ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ನೀನು ಹೇಳಿದ್ಯಾ ನನಗೆ? ಸಣ್ಣ ಗಂಟು ಅಂತೆ!" ಅಮ್ಮನ ಕಣ್ಣಿನಲ್ಲಿ ನೀರೂ ಇತ್ತು, ತಮಾಷೆಯೂ ಇತ್ತು. "ನೀನು ನನ್ನ ಹತ್ರ ಜಗಳ ಮಾಡುವುದು ನಿಲ್ಲಿಸಿದೆಯಲ್ಲ, ಅವತ್ತೇ ನನಗೆ ಗೊತ್ತಾಯ್ತು ದೊಡ್ಡ ರೋಗ ಅಂತ. ಇವತ್ತಿನವರೆಗೂ ಶುರು ಮಾಡಲಿಲ್ಲ ನೀನು."

ಅಳು ಬಂತು, ಅತ್ತುಬಿಟ್ಟೆ. ಅದು ಮುಗಿದ ಕೂಡಲೇ ಸಿಟ್ಟು ಬಂತು. ಹದಿನಾಲ್ಕು ತಿಂಗಳು ಅಮ್ಮನೆದುರು ಒಂದು ಗಟ್ಟಿ ಮಾತೂ ಆಡದವಳು ಬಾಯಿಬಿಟ್ಟು ಬೈಯತೊಡಗಿದೆ. ಡಾಕ್ಟರ ಹತ್ತಿರ ಒಂದು ಮಾತು ಕೇಳದೆ ಮೊಸರು ಬಿಟ್ಟದ್ದಕ್ಕೆ, ಆಸ್ಪತ್ರೆಯಲ್ಲಿ ವಯಸ್ಸು ತಪ್ಪು ಹೇಳಿದ್ದಕ್ಕೆ, ನನ್ನನ್ನು ಇಷ್ಟು ದಿನ ಹೆದರಿಸಿದ್ದಕ್ಕೆ. ಪಕ್ಕದ ಮನೆಯ ಕಿಟಕಿ ತೆರೆದುಕೊಂಡದ್ದು ಕೇಳಿಸಿತು. ಅಮ್ಮ ಗಂಜಿ ಉಣ್ಣುತ್ತಾ ಎಲ್ಲವನ್ನೂ ಕೇಳಿದಳು. ತಟ್ಟೆ ಖಾಲಿಯಾದ ಮೇಲೆ ನಿಧಾನಕ್ಕೆ ಎದ್ದು ಕೈತೊಳೆದು ಬಂದಳು.

"ಈಗ ನಂಬಿಕೆ ಬಂತು ನನಗೆ. ರಿಪೋರ್ಟು ಸರಿ ಉಂಟು" ಎಂದಳು.