ಅಡವಯ್ಯನ ವಿಮಾನಕ್ಕೆ ವಿಭೂತಿ

ಮಧುಗಿರಿಯ ಅಡವಯ್ಯ ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ವಿಮಾನ ರಿಪೇರಿ ಕಾರ್ಖಾನೆಯೊಂದರಲ್ಲಿ ತಂತಿ ಜೋಡಿಸುತ್ತಿದ್ದವನು. ಯುದ್ಧ ಮುಗಿಯಿತು, ಕೆಲಸವೂ ಮುಗಿಯಿತು. ಊರಿಗೆ ಬಂದವನು ಸುಮ್ಮನೆ ಕೂತನೇ? ಹರಾಜಿನಲ್ಲಿ ಸಿಕ್ಕ ಎಂಜಿನ್ನು, ಚಕ್ರ, ತಂತಿಗಳನ್ನೆಲ್ಲ ಗಾಡಿಗೆ ಹೇರಿಕೊಂಡು ಬಂದು, ಅಣ್ಣ ಕಾಡಸಿದ್ದಪ್ಪ ಕಡಲೇಕಾಯಿ ತುಂಬುತ್ತಿದ್ದ ಕೊಟ್ಟಿಗೆಯಲ್ಲಿ ವಿಮಾನ ಕಟ್ಟತೊಡಗಿದ. ಊರು ನಕ್ಕಿತು. ನಗಲಿ ಬಿಡಿ, ನಗುವವರ ಹಲ್ಲು ಎಣಿಸುತ್ತ ಕೂತರೆ ಯಾವ ಕೆಲಸ ತಾನೇ ಆಗುತ್ತದೆ?

ಅಣ್ಣ ನಗಲಿಲ್ಲ. ಕಾಯಿ ಮನೆಗೆ ಬರುವ ಹೊತ್ತಿಗೆ ಯಂತ್ರ ನಿನ್ನ ಮಾತು ಕೇಳುವಂತಾಗಬೇಕು, ಇಲ್ಲದಿದ್ದರೆ ಬಿಚ್ಚಿ ಹೊರಗೆ ಹಾಕಬೇಕು ಎಂದಷ್ಟೇ ಹೇಳಿದ.

ಅಡವಯ್ಯನ ಹೆಂಡತಿ ಕರಿಬಸಮ್ಮ ಸೋಮವಾರದ ಪೂಜೆ ಮುಗಿಸಿ ನೇಗಿಲು, ಒನಕೆಗಳಿಗೆ ಎಳೆದಂತೆಯೇ ವಿಮಾನಕ್ಕೂ ಮೂರು ಬೆರಳಿನ ವಿಭೂತಿ ಎಳೆಯುತ್ತಿದ್ದಳು. ಎಂಜಿನ್ನು ಹೊರಡಿಸುವ ಗುಂಡಿಯನ್ನೂ ಬಿಡುತ್ತಿರಲಿಲ್ಲ.

ಆ ಗುಂಡಿ ಒತ್ತಿದರೆ ರಿಲೇ ಎಂಬ ಸ್ವಿಚ್ಚು ಪೆಟ್ಟಿಗೆಯ ತಂತಿ ಸುರುಳಿಗೆ ಕರೆಂಟು ಹರಿದು, ಸ್ಟಾರ್ಟರು ಮೋಟಾರು ವಿಮಾನದ ಮೂತಿಯ ಪಂಖವನ್ನು ತಿರುಗಿಸಬೇಕು, ಬಿಟ್ಟರೆ ನಿಲ್ಲಬೇಕು. ಒಂದು ಬೆಳಿಗ್ಗೆ ಅದು ನಿಲ್ಲಲಿಲ್ಲ. ಬ್ಯಾಟರಿ ತಂತಿ ಕೀಳಲು ಅಡವಯ್ಯ ಕೆಳಗೆ ಹಾರಿದಾಗ ಪಂಖ ಅವನ ಪಂಚೆಯ ಅಂಚನ್ನು ಹರಿದೊಯ್ದಿತು. ಆಮೇಲೆ ಬಿಚ್ಚಿ ನೋಡಿದರೆ ಗುಂಡಿಯೊಳಗಿನ ತಾಮ್ರದ ಮೊನೆಗಳು ಕರಕಲಾಗಿ ಅಂಟಿಕೊಂಡಿದ್ದವು. ಹೆದರಿದ ಗಂಡಸಿಗೆ ಬೈಯಲು ಹೆಂಡತಿಗಿಂತ ಹತ್ತಿರದವರು ಸಿಗುವುದುಂಟೇ? ವಿಭೂತಿ ಒಳಗಿಳಿದೇ ಹೀಗಾಯಿತೆಂದು ತೀರ್ಮಾನಿಸಿದ.

“ನಿನ್ನ ಈಬೂತಿ ನನ್ನ ಜೀವಕ್ಕೇ ಬಂದಿತ್ತು. ಇನ್ನು ಈ ಕಡೀಕೆ ಬರಬ್ಯಾಡ.”

ಕರಿಬಸಮ್ಮ ತುಂಬ ನೊಂದುಕೊಂಡಳು. ಹೊತ್ತುಹೊತ್ತಿಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ.

ಮೊನೆಗಳನ್ನು ಉಜ್ಜಿ ಹೊಸದಾಗಿ ಕೂರಿಸಿದರೂ ಅವು ಮತ್ತೆ ಕಪ್ಪಾದವು. ಅತ್ತ ಆಳುಗಳು ಕಾಯಿ ಕೀಳಲು ಹೊಲಕ್ಕಿಳಿದಾಗಿತ್ತು. ಕೊನೆಗೆ ಗುಂಡಿಯ ಮುಚ್ಚಳ ತೆಗೆದೇ ಒತ್ತಿ ಬಿಟ್ಟು ನೋಡಿದ. ಬಿಟ್ಟ ಕ್ಷಣದಲ್ಲಿ ಮೊನೆಗಳ ನಡುವೆ ನೀಲಿ ಕಿಡಿ ಚಟ್ಟೆಂದಿತು. ವಿಭೂತಿಯ ಸುಳಿವೇ ಇಲ್ಲದ ಗುಂಡಿಯದು. ಅಡವಯ್ಯನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ನೆಟ್ಟಗೆ ಅಡುಗೆಮನೆ ಬಾಗಿಲಿಗೆ ಹೋಗಿ ತಪ್ಪು ತನ್ನದೆಂದು ಒಪ್ಪಿಕೊಂಡು, ಅವಳನ್ನು ಕರೆತಂದು ಕಿಡಿ ತೋರಿಸಿದ. ಸುರುಳಿಯಲ್ಲಿ ಹರಿಯುತ್ತಿರುವ ಕರೆಂಟನ್ನು ತಟ್ಟನೆ ತಡೆದರೆ ಅದು ಹೀಗೆ ಹಾರಿ ಸುಡುತ್ತದೆ ಎಂದ. ಅವಳು ಸೆರಗಿಗೆ ಕೈ ಒರೆಸಿಕೊಂಡು ನೋಡಿದಳು.

“ಓಡ್ತಿರೋ ಎತ್ತಿಗೆ ಎದುರು ನಿಂತ್ರೆ ಹಾಯದೆ ಬುಡ್ತದಾ? ಕಣದಾಗೆ ನಾಕು ಸುತ್ತು ಬರಾಕೆ ಬುಡಿ, ತಾನೇ ನಿಲ್ತದೆ.”

ಕರೆಂಟಿಗೂ ಸುತ್ತಿ ದಣಿಯಲು ಒಂದು ಕಣ ಬೇಕೆಂದು ಅಡವಯ್ಯನಿಗೆ ಹೊಳೆಯಿತು. ಆಮೇಲೆ ಹಳೆಯ ಬ್ಯಾಟರಿ ಚಾರ್ಜರಿನಿಂದ, ಒಂದೇ ದಿಕ್ಕಿಗೆ ಕರೆಂಟು ಬಿಡುವ ಲೋಹದ ಬಿಲ್ಲೆಗಳನ್ನು ಬಿಚ್ಚಿ ತಂದು ಸುರುಳಿಯ ಎರಡು ತುದಿಗಳಿಗೆ ತಿರುಗುಮುರುಗಾಗಿ ಸೇರಿಸಿದ. ಗುಂಡಿ ಒತ್ತಿದಾಗ ಬಿಲ್ಲೆ ದಾರಿ ಕೊಡದು. ಬಿಟ್ಟಾಗ ಮಾತ್ರ ಸುರುಳಿಯ ಕರೆಂಟು ಅದರೊಳಗೇ ಸುತ್ತಿ ಸುತ್ತಿ ದಣಿಯಬೇಕು. ಒತ್ತಿ ಬಿಟ್ಟ. ಕಿಡಿ ಕಾಣಲಿಲ್ಲ.

ಸೋಮವಾರ ಕಾಡಸಿದ್ದಪ್ಪ ಮೂಟೆಗಳ ಗಾಡಿಯೊಂದಿಗೆ ಕೊಟ್ಟಿಗೆಯ ಮುಂದೆ ನಿಂತಾಗ, ಅಡವಯ್ಯನೇ ವಿಭೂತಿ ಗಟ್ಟಿಯನ್ನು ಹೆಂಡತಿಯ ಕೈಗಿಟ್ಟ. ಅವಳು ವಿಮಾನದ ಮೈಗೆ ಮೂರು ಎಳೆ ಎಳೆದಳು. ಗುಂಡಿಯನ್ನೂ ಅವಳೇ ಒತ್ತಬೇಕೆಂದು ಪಟ್ಟು ಹಿಡಿದು ಹತ್ತಿಸಿ ಕೂರಿಸಿದ. ಒತ್ತಿದಳು, ಪಂಖ ತಿರುಗಿತು. ಬಿಟ್ಟಳು, ನಿಂತಿತು. ನಂಬಿಕೆ ಬಾರದೆ ಮತ್ತೆ ಮತ್ತೆ ಒತ್ತಿ ಬಿಟ್ಟಳು, ಬಿಟ್ಟಾಗಲೆಲ್ಲ ನಿಂತಿತು. ವಾರದಿಂದ ಬಿಗಿದುಕೊಂಡಿದ್ದ ಮುಖದಲ್ಲಿ ನಗು ಮೂಡಿತು.

ಕಾಡಸಿದ್ದಪ್ಪ ಗಾಡಿಯವನ ಕಡೆ ತಿರುಗಿದ.

“ಮೂಟೆ ಪಡಸಾಲೆಗೆ ಹಾಕು ಕಣ್ಲಾ. ಕೊಟ್ಟಿಗೇಲಿ ಜಾಗ ಇಲ್ಲ.”