ಕಡಲೆ ಹೊಲಕ್ಕೆ ಇಳಿದ ಸಂಜೆ

ಅವತ್ತು ಹಾರಬೇಕಾಗಿದ್ದವಳು ನಾನಲ್ಲ, ನನ್ನ ಗಂಡ.

ಅವರು ಹುಮನಾಬಾದಿನಲ್ಲಿ ಲೈನ್‌ಮನ್ ಆಗಿದ್ದರು. ಮದುವೆಯಾದ ದಿನದಿಂದ ಹೋದ ವರ್ಷ ನಿವೃತ್ತರಾಗುವವರೆಗೂ ಅವರು ಕರೆಂಟಿನ ಕಂಬ ಹತ್ತುವುದನ್ನೇ ನಾನು ಕಂಡದ್ದು. ಗಾಳಿಮಳೆಗೆ ತಂತಿ ಹರಿದು ಓಣಿ ಕತ್ತಲಾದರೆ ಜನ ಮೊದಲು ನಮ್ಮ ಬಾಗಿಲು ಬಡಿಯುತ್ತಿದ್ದರು. ಇವರು ಅಂಗಿ ತೊಟ್ಟು, ನಡುವಿಗೆ ಬೆಲ್ಟು ಬಿಗಿದು, ಚಹಾಕ್ಕೂ ಕಾಯದೆ ಹೊರಟುಬಿಡುತ್ತಿದ್ದರು.

ನಾನು ಅದೇ ಊರಿನಲ್ಲಿ ಕನ್ನಡ ಕಲಿಸುವವಳು. ಮದುವೆಯ ಹೊಸದರಲ್ಲಿ ಒಂದು ಸಂಜೆ ಹತ್ತಿರದ ಹುಡಗಿ ಎಂಬ ಊರಿನ ಸಂಬಂಧಿಕರ ಮನೆಯಿಂದ ಬರುವಾಗ ದಾರಿಯಲ್ಲಿ ಜನ ಕತ್ತೆತ್ತಿ ನಿಂತಿದ್ದರು. ನಾನೂ ಎತ್ತಿ ನೋಡಿದೆ. ಕಂಬದ ತುದಿಯಲ್ಲಿ ಕಾಲು ಜಾರಿ ಇವರು ಬೆಲ್ಟಿನ ಮೇಲೆ ಜೋತಾಡುತ್ತಿದ್ದರು. ಹೇಗೋ ಮತ್ತೆ ಕಾಲೂರಿ, ಕೆಲಸವನ್ನೂ ಮುಗಿಸಿ ಇಳಿದು ಬಂದು, "ಏನ್ ಆಗಿಲ್ಲ, ನಡಿ ಮನೀಗಿ" ಎಂದರು. ಅವರಿಗೆ ಏನೂ ಆಗಿರಲಿಲ್ಲ ನಿಜ. ಆದದ್ದು ನನಗೆ. ಅಂದಿನಿಂದ ಎತ್ತರವೆಂದರೆ ನನ್ನ ಅಂಗಾಲು ಬೆವರುತ್ತದೆ. ಸಂಡಿಗೆ ಒಣಗಿಸಲೂ ಮಾಳಿಗೆ ಹತ್ತುವುದಿಲ್ಲ. ಮಕ್ಕಳನ್ನು ಬಸವಕಲ್ಯಾಣದ ಕೋಟೆಗೆ ಕರೆದೊಯ್ದಾಗ ಬುರುಜಿನ ಮೇಲಿನ ಪಾಠವನ್ನೆಲ್ಲ ಬೇರೆ ಶಿಕ್ಷಕರಿಗೆ ಬಿಟ್ಟು ಕೆಳಗೆ ಬಾಗಿಲಲ್ಲಿ ಕೂತಿರುತ್ತಿದ್ದೆ. ನಮ್ಮ ಮನೆಯಲ್ಲಿ ಧೈರ್ಯ ಅವರದು, ಅಂಜಿಕೆ ನನ್ನದು ಎಂದು ಎಲ್ಲರೂ ಒಪ್ಪಿಕೊಂಡಾಗಿತ್ತು.

ಮಗಳನ್ನು ಬಸವಕಲ್ಯಾಣಕ್ಕೆ ಕೊಟ್ಟಿದ್ದೇವೆ. ಈ ಸಲದ ಚಳಿಗಾಲದಲ್ಲಿ ಅವಳೇ ಫೋನ್ ಮಾಡಿದಳು. ರಾಜೇಶ್ವರದ ಹತ್ತಿರ, ಹೆದ್ದಾರಿಯ ಪಕ್ಕದ ಬಯಲಿಗೆ ಯಾರೋ ಆಕಾಶದಲ್ಲಿ ಹಾರಿಸುವವರು ಬಂದಿದ್ದಾರಂತೆ.

"ಅಪ್ಪನ ಹೆಸರು ಹಚ್ಚೀನವ್ವ. ಜಲ್ಮ ಎಲ್ಲಾ ಕಂಬದ ಮ್ಯಾಲ ನಿಂತು ಊರು ನೋಡ್ಯಾನ. ಈಗ ಜರಾ ಕುಂತು ನೋಡಲಿ" ಎಂದಳು.

ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಟರು. ನಾನು ಮೋಟಾರ್ ಸೈಕಲ್ಲಿನ ಹಿಂದೆ ಕೂತೆ. ದಾರಿಯುದ್ದಕ್ಕೂ, ಇಂಥದ್ದನ್ನೆಲ್ಲ ಬಹಳ ನೋಡೀನಿ ಎನ್ನುವ ಧಾಟಿಯಲ್ಲೇ ಮಾತಾಡುತ್ತಿದ್ದರು. ಮಗಳು ನಮಗಿಂತ ಮೊದಲೇ ಬಂದು ಕಾಯುತ್ತಿದ್ದಳು.

ಬಯಲಿನಲ್ಲಿ ಮೂರು ಗಾಲಿಯ ಸಣ್ಣ ಬಂಡಿಯೊಂದು ನಿಂತಿತ್ತು. ಮುಂದೆ ಒಂದು ಕುರ್ಚಿ, ಅದರ ಹಿಂದೆ ನಡೆಸುವವನಿಗೆ ಇನ್ನೊಂದು, ಅದರ ಬೆನ್ನಿಗೆ ಎಂಜಿನ್ನು ಮತ್ತು ಆಳೆತ್ತರದ ಫ್ಯಾನು. ಹಿಂದೆ ನೆಲದ ಮೇಲೆ ಹಾಸಿದ್ದ ಉದ್ದನೆಯ ಬಟ್ಟೆಯೇ ಗಾಳಿ ತುಂಬಿ ಮೇಲೆದ್ದು ಛತ್ರಿಯಾಗುತ್ತದಂತೆ. ಪ್ಯಾರಾಮೋಟಾರ್ ಎಂದು ಅದರ ಹೆಸರು. ಪೈಲಟ್ ಸೊಲ್ಲಾಪುರದ ಕಡೆಯವನು, ಮನೆಮಾತು ಕನ್ನಡ. ನಮ್ಮೆದುರಿಗೇ ಒಬ್ಬನನ್ನು ಕೂರಿಸಿಕೊಂಡು ಹೋಗಿ ಸುತ್ತು ಹಾಕಿ ಇಳಿದ.

ಆಮೇಲೆ ಹೆಲ್ಮೆಟ್ ಹಿಡಿದು ನಮ್ಮವರ ಮುಂದೆ ಬಂದ. ಇವರು ಕೈ ಚಾಚಲಿಲ್ಲ.

"ನಾ ಒಲ್ಲೆ" ಎಂದರು.

"ಅಪ್ಪಾ, ಮಸ್ಕಿರಿ ಮಾಡಬ್ಯಾಡ" ಎಂದು ಮಗಳು ನಕ್ಕಳು.

"ಮಸ್ಕಿರಿ ಅಲ್ಲವ್ವ. ಕಂಬ ಭೂಮಿಗಿ ಹತ್ತಿಕೊಂಡಿರ್ತದ. ಇದು ಯಾತಕ್ಕೂ ಹತ್ತಿಲ್ಲ."

ಅವರ ಮುಖ ನೋಡಿದೆ. ತುಟಿ ಒಣಗಿತ್ತು. ಮೋಟಾರ್ ಸೈಕಲ್ಲಿನ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದಿದ್ದರು, ಮೊಳಕಾಲು ನಡುಗುತ್ತಿತ್ತು. ಅಷ್ಟು ವರ್ಷ ಜೊತೆಗೆ ಬಾಳಿದ ಮನುಷ್ಯನ ಕಾಲು ನಡುಗುವುದನ್ನು ನಾನು ಅದೇ ಮೊದಲು ನೋಡಿದ್ದು. ಹಿಂದಿನಿಂದ ಯಾರೋ ಹುಮನಾಬಾದಿನವನೇ, "ಲೈನ್‌ಮನ್ ಸಾಹೇಬ್ರು ಅಂಜಿದ್ರಲ್ಲಪೋ!" ಎಂದ. ನಾಲ್ಕಾರು ಜನ ನಕ್ಕರು. ಇವರು ತಲೆ ತಗ್ಗಿಸಿದರು.

ಆ ತಗ್ಗಿದ ತಲೆಯನ್ನು ಸಹಿಸಲಾಗಲಿಲ್ಲ. ಎಲ್ಲರ ಕಣ್ಣು ಅವರ ಮೇಲಿನಿಂದ ಬೇರೆಲ್ಲಿಗಾದರೂ ಹೋಗಲಿ ಎನಿಸಿತು. "ಹೆಲ್ಮೆಟ್ ಇಲ್ಲಿ ತರ್ರಿ, ನಾ ಕೂಡ್ತೀನಿ" ಎಂದೆ. ಹೇಳಿದ ಮೇಲೆ ಬೆಚ್ಚಿದವಳು ನಾನೇ. ಬಾಯಿಂದ ಬಂದ ದನಿ ನನ್ನದೆಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಸೀರೆಯ ಮೇಲೆಯೇ ಒಂದು ದೊಗಲೆ ಪ್ಯಾಂಟು ಏರಿಸಿ, ನೆರಿಗೆಯನ್ನೆಲ್ಲ ಅದರೊಳಗೆ ತುರುಕಿ, ಮಗಳು ನನ್ನನ್ನು ಕುರ್ಚಿಗೆ ಕೂರಿಸಿದಳು. ಎದೆಗೆ, ತೊಡೆಗೆ ಪಟ್ಟಿ ಬಿಗಿದರು. "ಅವ್ವಾ, ಬ್ಯಾಡಂದ್ರ ಬ್ಯಾಡ, ಇಳದುಬಿಡು" ಎಂದು ಅವಳು ಹೇಳುತ್ತಿರುವಾಗಲೇ ಎಂಜಿನ್ ಗರ್ಜಿಸಿತು. ಬಂಡಿ ಕುಲುಕುತ್ತಾ ಓಡಿತು. ಕಣ್ಣು ಮುಚ್ಚಿಕೊಂಡೆ. ಮರುಗಳಿಗೆ ಕುಲುಕಾಟ ನಿಂತೇಹೋಯಿತು. ಕಾಲ ಕೆಳಗೆ ನೆಲವಿಲ್ಲ ಎಂಬುದು ಅಂಗಾಲಿಗೆ ಮೊದಲು ತಿಳಿಯಿತು, ನನಗೆ ಆಮೇಲೆ.

"ಅಕ್ಕಾರ, ಕಣ್ಣ ತೆರೀರಿ" ಎಂದು ಹೆಲ್ಮೆಟ್ಟಿನೊಳಗೆ ಪೈಲಟ್ಟಿನ ದನಿ ಕೇಳಿತು.

ತೆರೆದೆ. ಮೊದಲು ಕಂಡದ್ದು ನನ್ನವೇ ಎರಡು ಪಾದ. ಅವುಗಳ ನಡುವೆ, ಎಷ್ಟೋ ಕೆಳಗೆ, ರಾಜೇಶ್ವರದ ಮಾಳಿಗೆಗಳು. ಒಂದರ ಮೇಲೆ ಮುರಿದ ಹೊರಸು, ಒಂದರ ಮೇಲೆ ಒಣಹಾಕಿದ ಕೌದಿ, ಇನ್ನೊಂದರ ಮೇಲೆ ಒಬ್ಬಳು ಹೆಣ್ಣುಮಗಳು ಮೆಣಸಿನಕಾಯಿ ಬಳಿದು ಗುಡ್ಡೆ ಮಾಡುತ್ತಿದ್ದವಳು ಎದ್ದು ನಿಂತು ನನ್ನನ್ನೇ ನೋಡಿದಳು. ಊರಾಚೆಗೆ ಜೋಳದ ಹಸಿರು, ಕೊಯ್ದ ತೊಗರಿಯ ಕಪ್ಪು ನೆಲ. ಬಯಲಿನ ಅಂಚಿನಲ್ಲಿ ಒಂದು ಬಿಳಿ ಅಂಗಿ. ಅದನ್ನು ನೋಡಿದ ಮೇಲೆ ಉಸಿರು ತಾನಾಗಿ ಒಳಗೆ ಹೋಗಿ ಹೊರಗೆ ಬಂತು. ಇನ್ನೇನು, ಆದೀತು ಎನ್ನುವಷ್ಟು ಧೈರ್ಯ ಹುಟ್ಟುತ್ತಿತ್ತು.

ಆಗ ಎಂಜಿನ್ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿ ನಿಂತುಹೋಯಿತು.

ಅಷ್ಟು ಹೊತ್ತು ಬೆನ್ನಿಗೆ ಬಡಿಯುತ್ತಿದ್ದ ಸದ್ದು ಒಮ್ಮೆಲೇ ಇಲ್ಲ. ತಲೆಯ ಮೇಲಿನ ಬಟ್ಟೆ ಸರಸರ ಎನ್ನುವುದು, ಕೆಳಗೆ ಎಲ್ಲೋ ನಾಯಿ ಬೊಗಳುವುದು ಸ್ಪಷ್ಟವಾಗಿ ಕೇಳತೊಡಗಿತು. ಹಿಂದೆ ಪೈಲಟ್ ಏನನ್ನೋ ಒತ್ತಿದ, ಮತ್ತೆ ಒತ್ತಿದ. ಫ್ಯಾನು ಒಂದು ಸುತ್ತು ತಿರುಗಿ ಸುಮ್ಮನಾಯಿತು.

"ಬೀಳ್ತೀವೇನಪಾ?" ಎಂದು ಕೇಳಿದೆ. ಜೋರಾಗಿ ಕೇಳುವ ಅಗತ್ಯವೇ ಇರಲಿಲ್ಲ.

"ಇಲ್ರಿ ಅಕ್ಕಾರ. ಛತ್ರಿ ಛಲೋ ಅದ, ಸಾವಕಾಶ ಇಳೀತೀವಿ. ಆದ್ರ ಮೈದಾನಕ ಮುಟ್ಟಂಗಿಲ್ಲ, ಹೊಲದಾಗ ಇಳೀಬೇಕು."

ಇಂಥ ಹೊತ್ತಿನಲ್ಲಿ ದೇವರು ನೆನಪಾಗುತ್ತಾನೆ ಎನ್ನುತ್ತಾರೆ. ನನಗೆ ನೆನಪಾದದ್ದು ಕೆಳಗೆ ಕತ್ತೆತ್ತಿ ನಿಂತಿರುವ ಗಂಡ. ಅವರು ಈಗ ಏನು ಕಾಣುತ್ತಿದ್ದಾರೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು!

"ಅಕ್ಕಾರ, ಬಿಸಲು ಕಣ್ಣಾಗ ಹೊಡ್ಯಾಕತ್ತದ. ಕರೆಂಟಿನ ತಂತಿ ಎಲ್ಲರ ಕಂಡ್ರ ಹೇಳ್ರಿ" ಎಂದ ಪೈಲಟ್. ಅವನ ದನಿಯಲ್ಲಿ ಮೊದಲ ಬಾರಿಗೆ ಅವಸರವಿತ್ತು.

ಹೊಲಗಳು ಮೇಲೆದ್ದು ಬರುತ್ತಿದ್ದವು. ತಂತಿ ಕಾಣುವುದಿಲ್ಲ, ಆದರೆ ಕಂಬ ಕಾಣುತ್ತದೆ. ಕಂಬ ಹುಡುಕುವುದು ಲೈನ್‌ಮನ್ನನ ಹೆಂಡತಿಗೆ ಯಾರೂ ಕಲಿಸಬೇಕಿಲ್ಲ. ಬಲಗಡೆ ತೊಗರಿ ಕೊಯ್ದ ಬಯಲು ಹಸನಾಗಿ ಕಾಣುತ್ತಿತ್ತು, ಅವನು ಅತ್ತಲೇ ವಾಲಿಸುತ್ತಿದ್ದ. ಅದರ ನಡುವೆ ಒಂದು ಕಂಬ, ಬಾವಿಯ ಪಂಪಿನ ಮನೆ ಹತ್ತಿರ ಇನ್ನೊಂದು.

"ಬಲಕ್ಕ ಬ್ಯಾಡ!" ಎಂದು ಚೀರಿದೆ. "ಬಾವಿ ಕಡಿ ಲೈನ್ ಹೋಗ್ಯದ! ಎಡಕ್ಕ ಹೊಳ್ಳಸು, ಎಡಕ್ಕ!"

ಅವನು ಎಡಕ್ಕೆ ಎಳೆದ. ಕುರ್ಚಿ ಓರೆಯಾಗಿ ಜೋಲಿ ಹೊಡೆಯಿತು. ತಂತಿ ನಮ್ಮ ಬಲಕ್ಕೆ, ಎಳೆ ಎಣಿಸಬಹುದಾದಷ್ಟು ಹತ್ತಿರದಲ್ಲಿ ಹಾದುಹೋಯಿತು. ಆಶ್ಚರ್ಯವೆಂದರೆ ಆ ಹೊತ್ತಿನಲ್ಲಿ ನನಗೆ ಹೆದರಿಕೆ ಆಗಲಿಲ್ಲ. ಹೆದರಲು ಪುರುಸೊತ್ತು ಇರಲಿಲ್ಲ ಎನ್ನಬೇಕು. ಮುಂದಿನ ಕಂಬ ಎಲ್ಲಿ, ಅದಕ್ಕೂ ಮುಂದೆ ಏನಿದೆ ಎಂದು ಕಣ್ಣು ಓಡುತ್ತಲೇ ಇತ್ತು. "ಹೊಡಿ, ಸೀದಾ ಹೊಡಿ, ಏನಿಲ್ಲ ಮುಂದ" ಎಂದು ಅವನಿಗೆ ಧೈರ್ಯ ಹೇಳುತ್ತಿದ್ದೆ.

ಗಾಲಿ ಕಡಲೆ ಹೊಲದ ಎರೆಮಣ್ಣಿಗೆ ತಾಗಿ, ಹೂತು, ಬಂಡಿ ಪಕ್ಕಕ್ಕೆ ಉರುಳಿತು. ಬಟ್ಟೆ ಬಂದು ಬದುವಿನ ಮೇಲಿದ್ದ ತೊಗರಿ ಸೂಡುಗಳ ಮೇಲೆ ಹಾಸಿಕೊಂಡಿತು. ನಾನು ಪಟ್ಟಿಗಳ ನಡುವೆ ಅಡ್ಡಡ್ಡ ಬಿದ್ದಿದ್ದೆ. ಬಾಯೊಳಗೆ ಕಡಲೆ ಸೊಪ್ಪು ಹೋಗಿ ಹುಳಿ ಹುಳಿಯಾಗಿತ್ತು. ಸೂಡು ಕಟ್ಟುತ್ತಿದ್ದ ಹೆಂಗಸರು ಮೊದಲು ಚೆಲ್ಲಾಪಿಲ್ಲಿಯಾಗಿ ಓಡಿದರು. ಆಮೇಲೆ ಒಬ್ಬೊಬ್ಬರೇ ಹತ್ತಿರ ಬಂದರು.

"ಯವ್ವಾ! ಇದು ಹೆಣ್ಮಗಳದಾಳ ನೋಡ್ರೇ!" ಎಂದು ಕುಡಗೋಲು ಹಿಡಿದ ಮುದುಕಿ ಕೂಗಿದಳು. ನನ್ನ ಮುಖದ ಹತ್ತಿರ ಬಗ್ಗಿ, "ತಂಗೀ, ಜೀವ ಅದೇನ?" ಎಂದು ಕೇಳಿದಳು.

"ಅದ" ಎಂದೆ.

"ಇದ್ರ ಏಳು ಮತ್ತ. ಇಷ್ಟ ದೊಡ್ಡ ರಸ್ತಾ ಬಿಟ್ಟು ನನ್ನ ಕಡ್ಲಿ ಮ್ಯಾಲೇ ಇಳೀಬೇಕಿತ್ತೇನ?" ಎಂದು ಬೈಯುತ್ತಲೇ ಪಟ್ಟಿ ಬಿಚ್ಚಿ ಎಬ್ಬಿಸಿ, ತಂಬಿಗೆಯಿಂದ ನೀರು ಕುಡಿಸಿದಳು. ಪೈಲಟ್ ಅವಳ ಕಾಲು ಮುಟ್ಟಿ ತಪ್ಪಾಯಿತೆಂದ. ಅವನಿಗೆ ಮೊಳಕೈ ತರಚಿತ್ತು, ನನಗೆ ಅದೂ ಇಲ್ಲ. ಬದುವಿಗೆ ಒರಗಿ ಕೂತೆ. ನಗು ಬಂತು, ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಸುರಿಯಿತು.

ಮೋಟಾರ್ ಸೈಕಲ್ ಎಲ್ಲಿ ಎಸೆದರೋ, ಇವರು ಹೊಲದೊಳಗೆ ಓಡಿ ಬರುತ್ತಿದ್ದರು. ನಡುವೆ ಒಮ್ಮೆ ಮುಗ್ಗರಿಸಿ ಬಿದ್ದರು. ಬಿಳಿ ಅಂಗಿಗೆ ಮಣ್ಣು ಮೆತ್ತಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬಂದವರು ನನ್ನ ಹೆಗಲು, ಮೊಳಕೈ, ಪಾದ ಒಂದೊಂದನ್ನೇ ಒತ್ತಿ ನೋಡಿದರು. ಆಮೇಲೆ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತರು.

"ನಾ ದಿನಾ ಅಂಜ್ತಿದ್ದೆ" ಎಂದರು.

"ಯಾವಾಗ್ರಿ?" ಎಂದೆ.

"ಕಂಬ ಹತ್ತೂವಾಗ. ಮೊದಲ್ನೇ ದಿನ ಹ್ಯಾಂಗ ಅಂಜೀನೋ ಕಡೀ ದಿನಾನೂ ಹಂಗೇ ಅಂಜೀನಿ. ಹುಡಗಿ ಊರ ದಾರ್ಯಾಗ ಕಾಲ ಜಾರಿದ್ಮ್ಯಾಲಂತೂ ಕೈ ನಡುಗದ ದಿನಾನೇ ಇಲ್ಲ."

"ಮತ್ತ ನನಗ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಕೆಲಸಕ್ಕ ಕಳಸ್ತಿದ್ದೇನ?"

ಎಂಜಿನ್ ನಿಂತಾಗಲೂ ನನಗೆ ಅಂಥ ಆಘಾತ ಆಗಿರಲಿಲ್ಲ. ಮಳೆಯಲ್ಲಿ ಎದ್ದು ಹೋದ ಎಷ್ಟೋ ಸಲ, ಇವರಿಗೆ ಭಯವೆಂಬುದೇ ಇಲ್ಲ ಎಂದುಕೊಂಡು ನಾನು ಬಾಗಿಲು ಹಾಕಿಕೊಂಡಿದ್ದೆ. ಭಯವೆಲ್ಲ ನನ್ನ ಪಾಲಿನದೆಂದು ಒಂದು ಥರದ ಸಿಟ್ಟೂ ಇತ್ತು. ಅದೇ ಭಯವನ್ನು ಅವರು ಒಂದು ಮಾತೂ ಆಡದೆ ಹೊತ್ತುಕೊಂಡು ಮೇಲೆ ಹತ್ತುತ್ತಿದ್ದರು, ಇಳಿಯುತ್ತಿದ್ದರು. ನಾನು ಅವರ ಅಂಗಿಯ ಮಣ್ಣು ಕೊಡವುತ್ತಾ ಕೂತೆ. ಮುದುಕಿ ಇಬ್ಬರನ್ನೂ ನೋಡಿ, ತಂಬಿಗೆಯಲ್ಲಿ ಉಳಿದ ನೀರನ್ನು ಅವರ ಕೈಗೆ ಕೊಟ್ಟಳು.

ಆ ದಿನ ಬಸವಕಲ್ಯಾಣದಲ್ಲಿ ಮಗಳ ಮನೆಯಲ್ಲೇ ಉಳಿದೆವು. ಬೆಳಗ್ಗೆ ಪೈಲಟ್ ಫೋನ್ ಮಾಡಿ, ಪೆಟ್ರೋಲಿನ ಪೈಪು ಸೀಳಿತ್ತು, ಬದಲಿಸಿ ನಾನೊಬ್ಬನೇ ಹಾರಿಸಿ ನೋಡಿದ್ದೇನೆ, ನಿನ್ನೆಯ ಸುತ್ತು ಅರ್ಧಕ್ಕೇ ನಿಂತಿತು, ಬೇಕಿದ್ದರೆ ಬನ್ನಿ ಎಂದ.

"ನಕ್ಕೊ! ಬ್ಯಾಡ, ಸಾಕು!" ಎಂದಳು ಮಗಳು.

ಇವರು ಚಹಾದ ಬಟ್ಟಲು ಕೆಳಗಿಟ್ಟು ನನ್ನನ್ನು ನೋಡಿದರು. "ನಾ ಹೋಗ್ತೀನಿ. ನೀ ಕೆಳಗ ನಿಂದರ್ತಿಯೇನ?"

"ನಿಂದರ್ತೀನಿ. ಅಂಜಿಕಿ ಬಂದ್ರ ಒದರ್ರಿ. ಮನಸಿನ್ಯಾಗ ಇಟ್ಕೋಬ್ಯಾಡ್ರಿ" ಎಂದೆ.

ಬಂಡಿ ಮೇಲೆದ್ದಾಗ ಮಗಳು ನನ್ನ ತೋಳನ್ನು ಉಗುರು ಊರುವ ಹಾಗೆ ಹಿಡಿದಿದ್ದಳು. ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ಆದರೂ ಕಣ್ಣು ಕೀಳದೆ ನೋಡಿದೆ. ಎಂಜಿನ್ನಿನ ಸದ್ದು ಊರ ಮೇಲೆ ಹೋಗಿ, ಸುತ್ತಿ, ಮತ್ತೆ ಹತ್ತಿರವಾಯಿತು. ಇಳಿಯುವ ಮೊದಲು ಪೈಲಟ್ ಸದ್ದು ತಗ್ಗಿಸಿದ. ಆಗ ಆಕಾಶದಿಂದ ನಮ್ಮವರ ದನಿ ಇಡೀ ಬಯಲಿಗೆ ಕೇಳಿಸಿತು.

"ಏ! ನಾ ಅಂಜೀನೇ! ಬಾಳ ಅಂಜೀನಿ!"

ಜನರೆಲ್ಲ ಹೋ ಎಂದು ನಕ್ಕರು. ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇವರು ಕೂಗುವುದನ್ನು ನಿಲ್ಲಿಸಲೇ ಇಲ್ಲ. ಗಾಲಿ ನೆಲಕ್ಕೆ ತಾಗಿದ ಮೇಲೂ ಇನ್ನೊಮ್ಮೆ ಕೂಗಿದರು.