ತಾನೇ ಹೂತ ಮಾಟ

ಪುಟ್ಟಸಿದ್ದಯ್ಯನ ಹೆಸರು ಕೇಳಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಅಜ್ಜೀಪುರದ ಸುತ್ತಮುತ್ತ ಯಾರ ಮನೆಯ ಗೋಡೆಯ ಮೇಲಾದರೂ ಸ್ವಿಚ್ ಬೋರ್ಡು ಸೊಟ್ಟಗೆ ಕೂತಿದ್ದರೆ ಅದು ಅವನದೇ ಕೆಲಸ. ಚಿಕ್ಕಂದಿನಲ್ಲಿ ಲೈನ್‌ಮನ್ ಒಬ್ಬರ ಹಿಂದೆ ಏಣಿ ಹೊತ್ತು ತಿರುಗಿ ಕಲಿತ ಕಸುಬು. ಕಂಬದಿಂದ ಬಿದ್ದು ಒಂದು ಕಾಲು ಕುಂಟು. ಈಗ ಐವತ್ತು ದಾಟಿದೆ. ಜೇಬಿನಲ್ಲಿ ಪೆನ್ನು ಸಿಕ್ಕಿಸಿದ ಹಾಗೆ ಟೆಸ್ಟರು, ದವಡೆಯಲ್ಲಿ ಸದಾ ಹೊಗೆಸೊಪ್ಪು. ಹತ್ತಿರದಲ್ಲಿ ಬೇರೆ ವೈರ್‌ಮನ್ ಇಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು. ಬಾ ಎಂದರೆ ನಾಳೆ ಅನ್ನುತ್ತಾನೆ, ನಾಳೆ ಹೋದರೆ ಊಟಕ್ಕೆ ಕೂತಿರುತ್ತಾನೆ.

ಮನೆಗೆ ಹೊಂದಿಕೊಂಡ ನಮ್ಮ ಹಿಪ್ಪುನೇರಳೆ ತೋಟದ ಮೂಲೆಯಲ್ಲಿ ರೇಷ್ಮೆಹುಳ ಸಾಕುವುದಕ್ಕೆಂದು ಶೆಡ್ಡು ಕಟ್ಟಿಸಿದ್ದೆವು. ನನ್ನ ಗಂಡ ಬಸ್ಸಿನ ಕಂಡಕ್ಟರು, ಮನೆಗಿಂತ ಡಿಪೋದಲ್ಲಿ ಇರುವುದೇ ಹೆಚ್ಚು. ಹುಳದ ಕೆಲಸವೆಲ್ಲ ನನ್ನದು ಮತ್ತು ನನ್ನ ಅತ್ತೆ ದೊಡ್ಡಬಸಮ್ಮನವರದು. ಬ್ಯಾಟರಿ ಹಿಡಿದು ಸೊಪ್ಪು ಹಾಕಿ ಹಾಕಿ ಸಾಕಾಗಿತ್ತು. ಟ್ಯೂಬ್‌ಲೈಟು, ಫ್ಯಾನು, ಸೊಪ್ಪು ಕತ್ತರಿಸುವ ಮಷೀನು ಇಷ್ಟಕ್ಕೂ ಕರೆಂಟು ಎಳೆಯಬೇಕಿತ್ತು. ಬೇರೆ ದಾರಿಯಿಲ್ಲದೆ ಅವನನ್ನೇ ಕರೆಸಿದೆ.

ಬಂದ ದಿನವೇ ಶೆಡ್ಡಿನೊಳಗೆ ಪಿಚಕ್ ಅಂತ ಉಗಿದ. ಹೊಗೆಸೊಪ್ಪಿನ ಕೈ ಸೋಕಿದರೂ ಸಾಕು, ಹುಳ ಸಾಯುತ್ತವೆ. ಅದು ಈ ಕಡೆ ಹುಟ್ಟಿದ ಮಗುವಿಗೂ ಗೊತ್ತು. ಬೈದೆ. ಹುಳ ಇನ್ನೂ ಬಂದಿಲ್ಲವಲ್ಲ ಅಂತ ನಕ್ಕ. ಅವನು ಉಗಿದದ್ದನ್ನು ಸುಣ್ಣದ ನೀರು ಹಾಕಿ ತೊಳೆದವಳು ನಾನು.

ಇಷ್ಟನ್ನೂ ಸಹಿಸಿಕೊಂಡೆ, ಯಾಕೆಂದರೆ ನನಗಿದ್ದದ್ದು ಒಂದೇ ಹಟ, ಅರ್ಥಿಂಗ್ ಸರಿಯಾಗಿ ಆಗಬೇಕು. ನನ್ನ ತವರು ಯಳಂದೂರು. ಅಲ್ಲಿ ನನ್ನ ದೊಡ್ಡಪ್ಪ ಒದ್ದೆ ಕೈಯಲ್ಲಿ ಮೇವು ಕತ್ತರಿಸುವ ಮಷೀನು ಮುಟ್ಟಿ ನಿಂತ ಜಾಗದಲ್ಲೇ ಹೋದರು. ಮಷೀನಿನ ಮೈಗೆ ಹರಿದ ಕರೆಂಟು ನೆಲಕ್ಕೆ ಇಳಿಯುವುದಕ್ಕೆ ದಾರಿಯೇ ಇರಲಿಲ್ಲ. ಸೊಪ್ಪಿನ ಕೆಲಸದಲ್ಲಿ ನನ್ನ ಕೈ, ಅತ್ತೆಯ ಕೈ ಒಣಗಿರುವುದು ಯಾವಾಗ? ಎದುರಿಗೇ ನಿಂತು ಶೆಡ್ಡಿನ ಹಿಂದೆ ಗುಂಡಿ ತೆಗೆಸಿದೆ. ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು ತುಂಬಿ, ನೀರು ಹೊಯ್ದು, ಮಷೀನಿನ ಮೈಯಿಂದ ಎಳೆದ ಹಸಿರು ವೈರನ್ನು ಪೈಪಿಗೆ ಬಿಗಿದ. ಅತ್ತೆ ಅವತ್ತು ಹೂಗ್ಯಂನಲ್ಲಿ ಮಗಳ ಮನೆಯಲ್ಲಿದ್ದರು.

ಮಾರನೆಯ ದಿನ ಅತ್ತೆ ಬಂದರು. ನಾನು ಮರಿಹುಳ ತರಲು ಕೊಳ್ಳೇಗಾಲಕ್ಕೆ ಹೋಗಿದ್ದೆ. ಜಮೀನಿನ ಮೂಲೆಯಲ್ಲಿ ಹೊಸ ಗುಂಡಿ, ಅದರ ಬಾಯಲ್ಲಿ ಉಪ್ಪು, ಇದ್ದಿಲು ಕಂಡರೆ ನಮ್ಮ ಕಡೆಯ ಹೆಂಗಸು ಏನು ತಿಳಿಯುತ್ತಾಳೆ? ಯಾರೋ ಮಾಟ ಮಾಡಿಸಿ ಹೂತಿದ್ದಾರೆ ಅಂತಲೇ ತಿಳಿಯುತ್ತಾಳೆ. ಅತ್ತೆಯ ಜೀವ ಬಾಯಿಗೆ ಬಂತು. ಕೊನೆಯ ಟ್ಯೂಬ್‌ಲೈಟು ಹಾಕಲು ಬಂದಿದ್ದ ಪುಟ್ಟಸಿದ್ದಯ್ಯನನ್ನೇ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದರು. ಅಯ್ಯೋ, ಅದು ನಾನೇ ಹಾಕಿದ್ದು ಅಂದಿದ್ದರೆ ಮುಗಿದಿತ್ತು. ಅವನು ಅನ್ನಲಿಲ್ಲ. ಮುಖ ಸಣ್ಣಗೆ ಮಾಡಿ, ತಲೆ ಅಲ್ಲಾಡಿಸಿ, ಇದು ದೊಡ್ಡ ಕೈಯವರ ಕೆಲಸ ಕಣವ್ವ, ನಾನು ತೆಗೆಯಬಲ್ಲೆ ಅಂದ.

ತೆಗೆದ. ನಿಂಬೆಹಣ್ಣು ಕುಯ್ದು, ಬೂದುಗುಂಬಳ ಒಡೆದು, ತಾನೇ ಹೂತದ್ದನ್ನು, ಪೈಪನ್ನೂ ಬಿಡದೆ, ತಾನೇ ತೆಗೆದು ಹಳ್ಳಕ್ಕೆ ಎಸೆದ. ಅತ್ತೆ ಆ ಮನುಷ್ಯನಿಗೆ ಹೊಸ ಪಂಚೆ, ತಾಂಬೂಲ ಕೊಟ್ಟು ಕೈ ಮುಗಿದರು. ಅನಾಥವಾಗಿ ನೇತಾಡುತ್ತಿದ್ದ ಹಸಿರು ವೈರನ್ನು ತೋಟದ ತಂತಿಬೇಲಿಗೆ ಸುತ್ತಿ ಗುಂಡಿ ಮುಚ್ಚಿದ. ಯಾರಿಗಾದರೂ ಹೇಳಿದರೆ ಮಾಟ ತಿರುಗಿ ಬರುತ್ತದೆ ಅಂತ ಅತ್ತೆಯ ಬಾಯನ್ನೂ ಮುಚ್ಚಿಸಿದ. ನಾನು ಬಂದು ನೋಡಿದಾಗ ಗುಂಡಿಯ ಮೇಲೆ ಮಣ್ಣು ಮುಚ್ಚಿತ್ತು. ಕೆಲಸ ಮುಗಿಯಿತು ಅಂದುಕೊಂಡೆ.

ಹುಳ ಎರಡನೇ ಜ್ವರ ಕಳೆದು, ಪೊರೆ ಕಳಚಿ ಎದ್ದಿದ್ದವು. ಬೆಳಿಗ್ಗೆ ಮಳೆ ಬಂದು ನಿಂತಿತ್ತು. ನಾನು ರಬ್ಬರ್ ಚಪ್ಪಲಿ ಹಾಕಿಕೊಂಡು ಮಷೀನಿಗೆ ಸೊಪ್ಪು ಕೊಡುತ್ತಿದ್ದೆ. ಹೊರಗೆ ಅತ್ತೆ ಒದ್ದೆ ಸೀರೆ ಹರವಲು ಬೇಲಿಗೆ ಕೈ ಹಾಕಿದರು. ಚೀರಿದ್ದು ಕೇಳಿತು. ಮೊದಲು ಮೈನ್ ಆಫ್ ಮಾಡಿ ಓಡಿದೆ. ಕೆಸರಲ್ಲಿ ಬಿದ್ದಿದ್ದರು. ಅಂಗೈ ಸುಟ್ಟು ಬಿಳಿಚಿತ್ತು. ರಾಮಾಪುರದ ಆಸ್ಪತ್ರೆಗೆ ಆಟೋದಲ್ಲಿ ಹಾಕಿಕೊಂಡು ಹೋಗಿ ಜೀವ ಉಳಿಸಿಕೊಂಡು ಬಂದೆ. ಕೈಗೆ ಪಟ್ಟಿ ಕಟ್ಟಿಸಿಕೊಂಡ ಅತ್ತೆ ಆಗ ಅಳುತ್ತಾ ನಡೆದದ್ದನ್ನೆಲ್ಲ ಬಾಯಿಬಿಟ್ಟರು. ಮಾಟ ಪೂರ್ತಿ ಹೋಗಿಲ್ಲವಂತೆ, ಪುಟ್ಟಸಿದ್ದನನ್ನು ಕರೆಸಬೇಕಂತೆ.

ಶೆಡ್ಡಿನ ಹಿಂದೆ ಹೋಗಿ ಹಸಿರು ವೈರಿನ ಜಾಡು ಹಿಡಿದು ನೋಡಿದೆ. ಬೇಲಿಯಲ್ಲಿ ಕೊನೆಯಾಗಿತ್ತು. ಕಲ್ಲುಕಂಬದ ಬೇಲಿ, ಕರೆಂಟು ನೆಲಕ್ಕೆ ಇಳಿಯುವುದಾದರೂ ಹೇಗೆ? ಮಷೀನಿನಲ್ಲಿ ಸೋರಿದ್ದೆಲ್ಲ ತೋಟದ ಸುತ್ತ ಹರಿದಿತ್ತು. ಕಾಡಂಚಿನ ಊರು. ಆನೆ ತಾಕಿದ್ದರೆ ಜೈಲಿಗೆ ಹೋಗುತ್ತಿದ್ದವಳೂ ನಾನೇ. ಸಿಟ್ಟಿಗಿಂತ ಹೆಚ್ಚಾಗಿ ಹೇಸಿಗೆ ಅನ್ನಿಸಿತು.

ಅತ್ತೆ ಹೇಳಿದ ಹಾಗೆಯೇ ಅವನನ್ನು ಕರೆಸಿದೆ. ಯಾವತ್ತೂ ನಾಳೆ ಅನ್ನುವವನು ಅವತ್ತು ಅರ್ಧ ಗಂಟೆಯಲ್ಲಿ ಬಂದ. ಕೈಯಲ್ಲಿ ನಿಂಬೆಹಣ್ಣಿನ ಚೀಲ. ಅತ್ತೆಯನ್ನು ಜಗಲಿಯಲ್ಲಿ ಕೂರಿಸಿ, ಅವನನ್ನು ಬೇಲಿಯ ಮುಂದೆ ನಿಲ್ಲಿಸಿದೆ.

"ಮಾಟ ಮಾಡಿರದು ನಮ್ ಮನೆಗೆ ತಾನೆ ಪುಟ್ಟಸಿದ್ದಣ್ಣ? ನಿಮ್ಗೇನೂ ಆಗಕಿಲ್ಲ. ಈ ತಂತೀನ ಒಂದ್ಸಲ ಮುಟ್ಟಿ ತೋರ್ಸಿ."

ಅವನು ಶೆಡ್ಡಿನ ಕಡೆ ನೋಡಿದ. ನನ್ನ ಕಡೆ ನೋಡಿದ. ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡ ಕಣವ್ವ. ಅದ್ರಲ್ಲಿ ಕರೆಂಟದೆ."

"ಕರೆಂಟಾ?" ಅಂದರು ಜಗಲಿಯಿಂದ ಅತ್ತೆ. "ಮಾಟ ಅಲ್ವಾ?"

ನಾನು ಮುಂದೆ ಹೋಗಿ ಎರಡೂ ಕೈಯಲ್ಲಿ ಬೇಲಿಯನ್ನು ಹಿಡಿದುಕೊಂಡೆ. ಅತ್ತೆ ಅಯ್ಯೋ ಅಂತ ಎದ್ದು ನಿಂತರು. ನನಗೆ ಏನೂ ಆಗಲಿಲ್ಲ. ಮೈನ್ ಆಫ್ ಮಾಡಿದವಳು ನಾನು ಅದನ್ನು ಮತ್ತೆ ಹಾಕೇ ಇರಲಿಲ್ಲ ಅಂತ ಅತ್ತೆಗೆ ಹೇಳಿದೆ. ಗುಂಡಿಗೆ ಉಪ್ಪು, ಇದ್ದಿಲು ಸುರಿದವನು ಯಾರು, ಹಸಿರು ವೈರನ್ನು ಬೇಲಿಗೆ ಸುತ್ತಿದವನು ಯಾರು ಅನ್ನುವುದನ್ನೂ ಬಿಡಿಸಿ ಹೇಳಿದೆ.

ಅತ್ತೆ ಒಳಗೆ ಹೋದರು. ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಅಡುಗೆಮನೆಯ ಉಪ್ಪಿನ ಮಡಕೆ ತಂದು ಅವನ ಕಾಲ ಬಳಿ ಇಟ್ಟರು.

"ನಿನ್ಗೆ ಕೈ ಮುಗ್ದಿದ್ನಲ್ಲ, ಅದೇ ಕೈ ಕಣಪ್ಪ ಸುಟ್ಟಿರದು. ಹೂಳು."

ಸಂಜೆಯವರೆಗೂ ಕುಂಟುತ್ತಾ ಹೊಸ ಗುಂಡಿ ತೋಡಿದ. ಹಳ್ಳಕ್ಕೆ ಎಸೆದಿದ್ದ ಪೈಪನ್ನೇ ತಂದು ನಿಲ್ಲಿಸಿದ, ಇದ್ದಿಲು ಸುರಿದ, ಉಪ್ಪು ಸುರಿದ, ಬೇಲಿಯ ವೈರು ಬಿಚ್ಚಿ ಪೈಪಿಗೆ ಬಿಗಿದ. ನಾನು ಅಲ್ಲಿಂದ ಅಲ್ಲಾಡಲಿಲ್ಲ. ತಪ್ಪಾಯಿತು ಅನ್ನುವ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಹೊರಡುವಾಗ ಬೇಲಿಯ ಬುಡದಲ್ಲಿದ್ದ ನಿಂಬೆಹಣ್ಣಿನ ಚೀಲವನ್ನು ಮಾತ್ರ ಮರೆಯದೆ ಎತ್ತಿಕೊಂಡ. ಬೇರೆ ಯಾರದೋ ಮನೆಗೆ ಬೇಕಾಗುತ್ತವಲ್ಲ. ಥೂ.